ಮೇಲಿನ ಮನೆಯವರ ಲೆಕ್ಕ

ಬಾಡಿಗೆ ಪ್ರತಿ ತಿಂಗಳು 5ಕ್ಕೆ ಬರುತ್ತಿತ್ತು. ಆಮೇಲೆ 9 ಆಯಿತು. 2025ರ ಜನವರಿಯಲ್ಲಿ 14 ಆಯಿತು. ಬಂದಿದ್ದೂ ಪೂರ್ತಿ ಅಲ್ಲ, 23,000ಕ್ಕೆ 15,000. ಜೊತೆಗೆ "ಆಂಟಿ, ಉಳಿದಿದ್ದು ಸೋಮವಾರ ಹಾಕ್ತೀನಿ" ಅಂತ ಒಂದು ಮೆಸೇಜು.

ನಾನು 26 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಬಾಡಿಗೆ ತಡವಾದರೆ ನನಗೆ ಕೋಪಕ್ಕಿಂತ ಮೊದಲು ಅನುಮಾನ ಬರುತ್ತದೆ. ಹೀಗೆ ತಾರೀಖು ಮೆಲ್ಲಗೆ ಜಾರುತ್ತಾ ಹೋಗುವ ಖಾತೆಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕೆಲಸ ಹೋದವನು, ನಿಜವಾಗಿ ಕೈ ಖಾಲಿಯಾದವನು, ಬಂದು ಹೇಳಿಬಿಡುತ್ತಾನೆ. ಮೆಲ್ಲಗೆ ಜಾರುವವನ ಹತ್ತಿರ ದುಡ್ಡು ಇರುತ್ತದೆ, ಆದರೆ ಅದು ಎಲ್ಲಿಂದ ಬಂದು ಎಲ್ಲಿ ಹೋಗುತ್ತಿದೆ ಅಂತ ಅವನು ನೋಡಿರುವುದಿಲ್ಲ.

ಇದು ನಮ್ಮ ಮೇಲಿನ ಮನೆಯವರ ಕಥೆ. ವಿಜಯನಗರ, ಹಂಪಿನಗರದ ಕಡೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡಿ ಆಂಟಿ, ಲೆಕ್ಕ ಬೇಕಾದರೆ ಹಾಕಿ" ಅಂದರು. ಹಾಗಾಗಿ ಅವನು, ಅವಳು, ಅಷ್ಟೇ.

ಅವನಿಗೆ 33. ತಿಪಟೂರಿನ ಹತ್ತಿರದ ಹಳ್ಳಿಯವನು. ಕುಂದಲಹಳ್ಳಿ ಕಡೆ ಒಂದು ಕಂಪನಿಯಲ್ಲಿ ಕೆಲಸ, ಮೆಟ್ರೋದಲ್ಲಿ ಓಡಾಟ, ಕೈಗೆ ಬರುವ ಸಂಬಳ 84,000. ಅವಳು ನಾಯಂಡಹಳ್ಳಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, 22,000. ಯುಕೆಜಿ ಓದುವ ಒಬ್ಬ ಮಗ. ಒಟ್ಟು 1,06,000 ಬರುವ ಮನೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಫೋನಿನಲ್ಲಿ ಆಡುವ ಜೂಜೂ ಇಲ್ಲ (ಅದನ್ನು ಮೊದಲೇ ಕೇಳಿ ತಿಳಿದುಕೊಂಡೆ, ಈಗಿನ ಕಾಲದಲ್ಲಿ ಕೇಳಲೇಬೇಕು). ಕಾರೂ ಇಲ್ಲ.

ಫೆಬ್ರವರಿಯ ಒಂದು ರಾತ್ರಿ, ಒಂಬತ್ತು ದಾಟಿರಬೇಕು, ಸಂಪಿನ ಮೋಟಾರ್ ಆಫ್ ಮಾಡಲು ಹೊರಗೆ ಬಂದೆ. ಅವನು ಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತಿದ್ದ. ಫೋನ್ ಕಿವಿಗೆ ಒತ್ತಿ ಹಿಡಿದು, "ಆಯ್ತು ಸಾರ್, ಹಾಕ್ತೀನಿ ಸಾರ್, ಮನೆಯವರ ನಂಬರ್‌ಗೆ ಮಾತ್ರ ಮಾಡಬೇಡಿ ಸಾರ್" ಅನ್ನುತ್ತಿದ್ದ. ವಸೂಲಿಯವರ ಫೋನು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಅಂತ ಫೋನ್ ಮಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ 2022ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅವನಿಗೆ ಅದನ್ನು ಹೇಳಿದೆ. ತಲೆ ಆಡಿಸಿದ, ಆದರೆ ಅವನ ಚಿಂತೆಯೇ ಬೇರೆ.

"ಆಂಟಿ, ಇವಳಿಗೆ ಹೇಳಬೇಡಿ."

"ಎಷ್ಟಿದೆಯಪ್ಪ ಸಾಲ?"

"ಒಂದು... ಒಂದೂವರೆ ಲಕ್ಷ ಇರಬೇಕು."

‘ಇರಬೇಕು’ ಅಂದನಲ್ಲ, ನನಗೆ ಅಲ್ಲೇ ಗೊತ್ತಾಯಿತು. ದಿನಕ್ಕೆ ನಾಲ್ಕು ಗಂಟೆ ಫೋನು ನೋಡುವ ಹುಡುಗ, ಮೂರು ತಿಂಗಳಿಂದ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ತೆರೆದಿರಲಿಲ್ಲ. ಬ್ಯಾಂಕಿನ ಮೆಸೇಜು ಬಂದರೆ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದ. ಇದಕ್ಕೆ ಅರ್ಥಶಾಸ್ತ್ರದವರು ಉಷ್ಟ್ರಪಕ್ಷಿಯ ಹೆಸರು ಇಟ್ಟಿದ್ದಾರೆ, ಮರಳಿನಲ್ಲಿ ತಲೆ ಹುಗಿಸುತ್ತದೆ ಅನ್ನುವ ಕಥೆಯಿಂದ. ನಾನು ಅಷ್ಟು ದೂರ ಹೋಗಲ್ಲ. ನಮ್ಮ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಅದು ಸಾಕು.

ಒಂದೇ ಷರತ್ತು ಹಾಕಿದೆ. ಅವಳು ಕೂತುಕೊಳ್ಳದೆ ನಾನು ಕೂತುಕೊಳ್ಳುವುದಿಲ್ಲ. ಒಪ್ಪಿಕೊಳ್ಳಲು ನಾಲ್ಕು ದಿನ ತೆಗೆದುಕೊಂಡ. ಅವನು ಹೇಳಿದ ರಾತ್ರಿ ಮೇಲಿನಿಂದ ಸದ್ದೇ ಇರಲಿಲ್ಲ, ಮಗುವಿನದು ಕೂಡ. ಜಗಳದ ಸದ್ದು ಕೇಳಿಸಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ.

ಭಾನುವಾರ ಬೆಳಗ್ಗೆ ನಮ್ಮ ಊಟದ ಟೇಬಲ್ ಮೇಲೆ ಕೂತೆವು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಮೂರು ಕಾರ್ಡುಗಳ ಸ್ಟೇಟ್‌ಮೆಂಟು, ಎಲ್ಲ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದ. 46 ಹಾಳೆ. ಕಾಗದದಲ್ಲೇ ಬೇಕು ಅಂತ ನಾನೇ ಹೇಳಿದ್ದೆ. ಫೋನಿನಲ್ಲಿ ಎಲ್ಲ ಸರಿದು ಹೋಗುತ್ತದೆ, ಕಾಗದ ಸರಿಯುವುದಿಲ್ಲ.

ಮೊದಲು ಸಾಲದ ಮೊತ್ತ. ಕಾರ್ಡುಗಳಲ್ಲಿ 1,12,000, 68,000, 41,000. ಒಟ್ಟು 2,21,000. ಅವನು ಹೇಳಿದ್ದು ಒಂದೂವರೆ. ಅದರ ಮೇಲೆ 2023ರಲ್ಲಿ ತೆಗೆದುಕೊಂಡ 3 ಲಕ್ಷದ ಪರ್ಸನಲ್ ಲೋನು, ತಿಂಗಳಿಗೆ 10,180 ಕಂತು. ಅವಳು ಹಾಳೆ ನೋಡುತ್ತಾ ಒಂದು ಮಾತೂ ಆಡಲಿಲ್ಲ. ಅವನು ಮಾತ್ರ "ನಾನು ತಿಂಗಳಿಗೆ 11 ಸಾವಿರ ಕಟ್ತಾನೇ ಇದ್ದೀನಲ್ಲ ಆಂಟಿ, ಯಾವತ್ತೋ ಒಂದು ಸಲ ತಪ್ಪಿರಬಹುದು, ಕಮ್ಮಿ ಯಾಕಾಗ್ತಿಲ್ಲ?" ಅಂದ. ಅದೂ ನಿಜವಾದ ಆಶ್ಚರ್ಯದಲ್ಲಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅವನು ಕಟ್ಟುತ್ತಿದ್ದದ್ದು ಮಿನಿಮಮ್ ಡ್ಯೂ, ಅಂದರೆ ಬಾಕಿಯ ಶೇ. 5. 2,21,000ಕ್ಕೆ 11,050. ಬಡ್ಡಿ ತಿಂಗಳಿಗೆ ಶೇ. 3.6ರ ಲೆಕ್ಕದಲ್ಲಿ 7,956. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 1,432. ಎರಡೂ ಸೇರಿ 9,388. ಅಲ್ಲಿಗೆ 11,050ರಲ್ಲಿ ಅಸಲಿಗೆ ಹೋದದ್ದು 1,662 ರೂಪಾಯಿ. ವರ್ಷದ ಬಡ್ಡಿ ಶೇ. 43 ದಾಟಿತು. ಊರಿನಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ರಕ್ತ ಹೀರುವವನು ಅನ್ನುತ್ತೇವೆ, ಅಲ್ವಾ? ಇದು ಮೂರೂವರೆಗಿಂತ ಮೇಲೆ.

ಇನ್ನೂ ಒಂದಿದೆ. ಒಂದು ತಿಂಗಳು ಪೂರ್ತಿ ಕಟ್ಟದೆ ಬಾಕಿ ಉಳಿಸಿದರೆ, ಹೊಸ ಖರ್ಚಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಲ್ಲ, ಇವನೂ ಒಂದನ್ನು ಜೋಡಿಸಿಕೊಂಡಿದ್ದ. ಸ್ಟೇಟ್‌ಮೆಂಟಿನ ಎರಡನೇ ಹಾಳೆ ತುಂಬ 15 ರೂಪಾಯಿ, 15 ರೂಪಾಯಿ, 30 ರೂಪಾಯಿ. ಆಫೀಸ್ ಹೊರಗಿನ ಟೀ ಅಂಗಡಿ. ಟೀಯನ್ನು ಶೇ. 43 ಬಡ್ಡಿಯ ಸಾಲದಲ್ಲಿ ಕುಡಿಯುತ್ತಿದ್ದ ನಮ್ಮ ಹುಡುಗ. ಅವಳಿಗೆ ಮೊದಲ ಸಲ ನಗು ಬಂದದ್ದು ಅಲ್ಲೇ. ಆಮೇಲೆ ಅತ್ತಳು.

ನಾನು ‘ಬೇಕಾದ ಖರ್ಚು, ಬೇಡದ ಖರ್ಚು’ ಅಂತ ವಿಂಗಡಿಸಲು ಹೇಳುವುದಿಲ್ಲ. ಹಾಗೆ ಹೇಳಿದರೆ ಎಲ್ಲರೂ ವಕೀಲರಾಗುತ್ತಾರೆ, ಪ್ರತಿ ಖರ್ಚಿಗೂ ವಾದ ರೆಡಿ. ಪೆನ್ಸಿಲ್ ಕೊಟ್ಟು ಬೇರೆ ಕೆಲಸ ಹೇಳಿದೆ. ಈ ಖರ್ಚು ನೆನಪಿದೆಯಾ? ನೆನಪಿದ್ದು, ಮಾಡಿದ್ದಕ್ಕೆ ಬೇಜಾರಿಲ್ಲದಿದ್ದರೆ ಟಿಕ್. ನೆನಪೇ ಇಲ್ಲದಿದ್ದರೆ ಸೊನ್ನೆ. ನೆನಪಿದೆ, ಆದರೆ ಇಲ್ಲ ಅನ್ನಲಾರದೆ ಮಾಡಿದ್ದು ಅಂತಾದರೆ ಒಂದು ಅಡ್ಡಗೆರೆ.

ಎರಡು ಗಂಟೆ ಹಿಡಿಯಿತು. ನಡುವೆ ಮಗ ಬಂದು ಮೂರು ಸೊನ್ನೆಗೆ ಕಣ್ಣು ಮೂಗು ಬರೆದ. ಕೊನೆಗೆ ಕೂಡಿದಾಗ ಮೂರು ತಿಂಗಳಲ್ಲಿ ಸೊನ್ನೆಗಳು 31,400. ನಾನು ಊಹಿಸಿದ್ದೂ ಸುಮಾರು ಅಷ್ಟೇ. ಆದರೆ ಅಡ್ಡಗೆರೆಗಳು 74,600. ಇದು ನನಗೂ ಹೊಸದು.

ಅದರಲ್ಲಿ ಏನಿತ್ತು? ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ 25,000, ಕಾರ್ಡಿನಲ್ಲಿ. ದೊಡ್ಡಪ್ಪನ ಮಗ ಕೈಸಾಲ ಕೇಳಿದ್ದಕ್ಕೆ 20,000, ಹೋದದ್ದು ಹೋಯಿತು. ಜನವರಿ 11, ಶನಿವಾರ, 8,200. ಅದರ ಮೇಲೆ ಅವನ ಪೆನ್ಸಿಲ್ ತುಂಬಾ ಹೊತ್ತು ನಿಂತಿತ್ತು. ಕಂಪನಿ ಬಿಡುತ್ತಿದ್ದ ಒಬ್ಬ ಗೆಳೆಯನ ಊಟ. ಹನ್ನೊಂದು ಜನ. ಬಿಲ್ ಬಂದಾಗ ಎಲ್ಲರೂ ಫೋನ್ ತೆಗೆದು ಪಾಲು ಲೆಕ್ಕ ಹಾಕುತ್ತಿದ್ದರಂತೆ. ಇವನಿಗೆ ಅದನ್ನು ನೋಡಲಾಗಲಿಲ್ಲ. "ನಂದು ಕಣ್ರೋ" ಅಂದುಬಿಟ್ಟ.

"ಯಾಕೆ ನೋಡಲಾಗಲಿಲ್ಲ?" ಅಂದೆ.

"ಗೊತ್ತಿಲ್ಲ ಆಂಟಿ. ದುಡ್ಡಿನ ಲೆಕ್ಕ ಮಾತಾಡೋ ಜಾಗದಲ್ಲಿ ನನಗೆ ಕೂರಕ್ಕಾಗಲ್ಲ."

ಉಳಿದದ್ದು ಗೃಹಪ್ರವೇಶದ ಉಡುಗೊರೆ, ನಾಮಕರಣದ ಉಂಗುರ, ಗೆಳೆಯರ ಜೊತೆ ಟ್ರಿಪ್ಪು, ಇಂಥವೇ. ಅವನು ತನಗೆ ಅಂತ ಒಂದು ಶೂ ಕೊಂಡಿದ್ದ, 1,900. ಅದಕ್ಕೂ ಅಡ್ಡಗೆರೆ ಹಾಕಿದ್ದ, ಅವಳು ರಬ್ಬರ್ ತೆಗೆದುಕೊಂಡು ಅಳಿಸಿ ಟಿಕ್ ಹಾಕಿದಳು. ಇಂಥವರಿಗೆ ಕಾಫಿ ಬಿಡಿ, ಸಿನಿಮಾ ಬಿಡಿ ಅಂತ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಆಗಲ್ಲ. ಅವನು ಬಿಡಬೇಕಾದದ್ದು ಕಾಫಿ ಆಗಿರಲಿಲ್ಲ.

ಎರಡನೇ ಭಾನುವಾರ ಲೆಕ್ಕ ಪಕ್ಕಕ್ಕಿಟ್ಟು ಕೇಳಿದೆ, ನಿಮ್ಮ ಮನೆಯಲ್ಲಿ ದುಡ್ಡು ಹೇಗೆ ಬರುತ್ತಿತ್ತು?

ತಿಪಟೂರು ಕಡೆಯವರಿಗೆ ಇದು ಗೊತ್ತಿರುತ್ತದೆ, ಬೇರೆಯವರಿಗೆ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ತುಂಬುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಗ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರಿನ ಎಪಿಎಂಸಿಗೆ ಒಯ್ಯುತ್ತಾರೆ. ಅವರಪ್ಪ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲವಂತೆ. ಕೆಳಗೆ ಅಮ್ಮ, ಇವನು, ತಂಗಿ, ಮೂವರೂ ಮೇಲೆ ನೋಡುತ್ತಾ ನಿಂತಿರುತ್ತಿದ್ದರು. ಆ ಸದ್ದೇ ಅವರ ಸಂಬಳದ ಸದ್ದು.

ಅಲ್ಲಿಯವರೆಗೆ ಎಲ್ಲ ಸಾಲ. ಅಂಗಡಿಯಲ್ಲಿ ಬರೆಸುವುದು, ಬಟ್ಟೆ ಅಂಗಡಿಯಲ್ಲಿ ಬರೆಸುವುದು, ಸ್ಕೂಲ್ ಫೀಸಿಗೆ ಮಂಡಿಯವರ ಹತ್ತಿರ ಮುಂಗಡ. ಯಾರು ಕೇಳಿದರೂ ಉತ್ತರ ಒಂದೇ, "ಕೊಬ್ಬರಿ ಮಾರಿದ ಮೇಲೆ." ಮಾರಿದ ದಿನ ಅಪ್ಪ ಮೈಸೂರ್‌ಪಾಕ್ ತರುತ್ತಿದ್ದರು. ಎರಡು ದಿನ ಮನೆಯಲ್ಲಿ ಹಬ್ಬ. ಮೂರನೇ ದಿನದಿಂದ ಮತ್ತೆ ಬರೆಸುವುದು. ಎಷ್ಟು ಬಂತು, ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ಮಕ್ಕಳು ಕೇಳಿದರೆ "ನಿಮಗ್ಯಾಕೆ ಅದೆಲ್ಲ, ಓದ್ಕೊಳಿ" ಅಂತ ಗದರಿಕೆ. ಒಂದು ಸಲ ಮಂಡಿಯವನು ಮನೆ ಜಗಲಿಗೆ ಬಂದು ಕೂತು, ಊರಿನವರ ಎದುರಿಗೆ ಪುಸ್ತಕ ತೆರೆದು ಲೆಕ್ಕ ಓದಿದ್ದನಂತೆ. ಇವನಿಗೆ ಆಗ ಎಂಟೋ ಒಂಬತ್ತೋ. ಹನ್ನೊಂದು ಜನರ ಎದುರು ಬಿಲ್ ಬಂದಾಗ "ನಂದು ಕಣ್ರೋ" ಅಂದವನು ಆ ಹುಡುಗನೇ ಅಂತ ನನಗನ್ನಿಸಿತು. ಅವನಿಗೆ ಹೇಳಲಿಲ್ಲ. ಅವಳು ಹೇಳಿದಳು.

ಇದು ನನಗೆ ಇಡೀ ಪ್ರಕರಣದ ಬೀಗದ ಕೈ. ಅವನು ತಿಂಗಳ ಸಂಬಳದ ಕೆಲಸದಲ್ಲಿದ್ದ, ಬದುಕು ಮಾತ್ರ ಕೊಬ್ಬರಿಯ ಕ್ಯಾಲೆಂಡರಿನಲ್ಲಿತ್ತು. ಏಪ್ರಿಲ್‌ನಲ್ಲಿ ಬರುವ ಬೋನಸ್ಸೇ ಕೊಬ್ಬರಿ. ಕಾರ್ಡೇ ಅಂಗಡಿ ಪುಸ್ತಕ. ಅಪ್ಪನಿಗೆ ಆ ಲೆಕ್ಕ ಹೇಗೋ ನಡೆಯಿತು, ಯಾಕೆಂದರೆ ಊರಿನ ಅಂಗಡಿಯವನು ಬಡ್ಡಿಯ ಮೇಲೆ ಬಡ್ಡಿ ಹಾಕುತ್ತಿರಲಿಲ್ಲ, ಜಾಸ್ತಿಯಾದರೆ ‘ಸಾಕು ಗೌಡ್ರೆ’ ಅಂತ ಪುಸ್ತಕ ಮುಚ್ಚುತ್ತಿದ್ದ. ಕಾರ್ಡಿನವರು ಇನ್ನೂ ಲಿಮಿಟ್ ಏರಿಸಲಾ ಅಂತ ಮೆಸೇಜು ಕಳಿಸುತ್ತಾರೆ.

ಆ 3 ಲಕ್ಷದ ಲೋನೂ ಅಲ್ಲಿಂದಲೇ ಬಂದದ್ದು. 2023ರಲ್ಲಿ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಕುಸಿದಿತ್ತು, ರೈತರು ಬೀದಿಗಿಳಿದಿದ್ದರು. ಅಪ್ಪನ ಸಾಲ ತೀರಿಸಲು ಮಗ ಇಲ್ಲಿ ಲೋನ್ ತೆಗೆದ. ಅಪ್ಪ ಎಷ್ಟು ಬೇಕು ಅಂತ ಹೇಳಲಿಲ್ಲ, ಇವನು ಕೇಳಲಿಲ್ಲ. ಅಂದಾಜಿನ ಮೇಲೆ 3 ಲಕ್ಷ ಕಳಿಸಿದ. ನಿಜಕ್ಕೂ ಬೇಕಾದದ್ದು ಒಂದೂ ಮುಕ್ಕಾಲು ಲಕ್ಷ ಅಂತ ತಿಳಿದದ್ದು ಒಂದೂವರೆ ವರ್ಷ ಆದ ಮೇಲೆ, ನಮ್ಮ ಟೇಬಲ್ ಮೇಲಿಂದ ಫೋನ್ ಮಾಡಿ ಕೇಳಿದಾಗ.

ಈಗ ನನ್ನ ತಪ್ಪು ಹೇಳಬೇಕು.

ಅವಳ ಹೆಸರಿನಲ್ಲಿ ತಲಾ 80,000ದ ಎರಡು ಎಫ್‌ಡಿ ಇದ್ದವು, ಶೇ. 7ರ ಬಡ್ಡಿ. ನಾನು ಬ್ಯಾಂಕಿನವಳ ಬುದ್ಧಿಯಲ್ಲಿ ಥಟ್ಟನೆ ಹೇಳಿಬಿಟ್ಟೆ. ಶೇ. 7 ಬರುವ ಕಡೆ ಇಟ್ಟು ಶೇ. 43 ಕಟ್ಟುವುದು ಯಾವ ಲೆಕ್ಕ, ಎರಡನ್ನೂ ಮುರಿಸಿ ಸಾಲಕ್ಕೆ ಹಾಕಿ. ಒಂದೇ ಮನೆಯ ದುಡ್ಡಿಗೆ ಬೇರೆ ಬೇರೆ ಹೆಸರು ಕೊಟ್ಟು ಬೇರೆ ಬೇರೆ ಡಬ್ಬಿಗೆ ಹಾಕಿ, ಒಂದರದ್ದು ಇನ್ನೊಂದಕ್ಕೆ ಮುಟ್ಟಿಸದೆ ಇರುವ ಈ ಸ್ವಭಾವದ ಮೇಲೆ ರಿಚರ್ಡ್ ಥೇಲರ್ ಬಹಳ ಕೆಲಸ ಮಾಡಿದ್ದಾರೆ, 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗಣಿತದಲ್ಲಿ ನಾನು ಸರಿ. ಆದರೆ ಅವಳು ಎದ್ದು ಹೋದಳು. ಮುಂದಿನ ಭಾನುವಾರ ಬರಲಿಲ್ಲ.

ಮೂರನೇ ದಿನ ನಾನೇ ಮೇಲೆ ಹೋದೆ. ಚಪಾತಿ ಲಟ್ಟಿಸುತ್ತಾ ಹೇಳಿದಳು, "ಆಂಟಿ, ಅವರು ಸಾಲ ಮಾಡಿದ್ದು ನನಗೆ ಹೇಳದೆ. ತೀರಿಸೋದಕ್ಕೆ ಮಾತ್ರ ನಾನು ಬೇಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಎಫ್‌ಡಿಯಿಂದಾಗಿಯೇ ಅವಳಿಗೆ ರಾತ್ರಿ ನಿದ್ದೆ ಬರುತ್ತಿತ್ತು. ಅದನ್ನು ಶೇ. 7 ಅಂತ ನೋಡಿದ್ದು ನನ್ನ ದಡ್ಡತನ.

ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಒಂದು ಎಫ್‌ಡಿ ಮುರಿಸುತ್ತೇನೆ, ಇನ್ನೊಂದರ ಮಾತು ಎತ್ತಬಾರದು. ಮುರಿಸಿದ 80,000ವನ್ನು ಅವನು ತಿಂಗಳಿಗೆ 3,000ದಂತೆ ಅವಳ ಖಾತೆಗೆ ವಾಪಸ್ ಹಾಕಬೇಕು. ಸಂಬಳದ ಖಾತೆಯ ಮೆಸೇಜು ಇಬ್ಬರ ಫೋನಿಗೂ ಬರಬೇಕು. ಒಡವೆಯ ಮೇಲೆ ಗೋಲ್ಡ್ ಲೋನ್ ಬಡ್ಡಿ ಕಮ್ಮಿ ಅಂತ ಅವನು ಮೆಲ್ಲಗೆ ಬಾಯಿ ತೆಗೆದ. ಅವಳು ನೋಡಿದ ನೋಟಕ್ಕೆ ಮುಚ್ಚಿದ. ನಾನೂ ಅವಳ ಕಡೆಯೇ.

ಸಾಲದ ಕೆಲಸ ಆಮೇಲೆ ಬೇಗ ಮುಗಿಯಿತು. 41,000ದ ಕಾರ್ಡನ್ನು ಪೂರ್ತಿ ಕಟ್ಟಿ ಮುಚ್ಚಿಸಲು ಬರೆದುಕೊಟ್ಟ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ದಂಡವನ್ನು ಅವರೇ ಗ್ರಾಹಕನಿಗೆ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ. ಈ ವಾಕ್ಯವನ್ನು ಅರ್ಜಿಯಲ್ಲೇ ಬರೆಸಿದೆ, ಐದನೇ ದಿನ ಮುಚ್ಚಿತು. ಉಳಿದ 39,000 ಎರಡನೇ ಕಾರ್ಡಿಗೆ, ಅದರಲ್ಲಿ ಉಳಿದ 29,000ವನ್ನು ಏಪ್ರಿಲ್ ಬೋನಸ್‌ನಲ್ಲಿ ತೀರಿಸಿದ. ದೊಡ್ಡದು, 1,12,000, ಅದನ್ನು ಆ ಬ್ಯಾಂಕಿನಲ್ಲೇ ಶೇ. 16ರ ಬಡ್ಡಿಗೆ 24 ಕಂತು ಮಾಡಿಸಿದೆವು. ತಿಂಗಳಿಗೆ ಸುಮಾರು 5,500. ಮೊದಲು 11 ಸಾವಿರ ಕಟ್ಟಿಯೂ ಸಾಲ ಅಲ್ಲೇ ಇರುತ್ತಿತ್ತು, ಈಗ ಅದರ ಅರ್ಧ ಕಟ್ಟಿದರೆ ಎರಡು ವರ್ಷಕ್ಕೆ ಮುಗಿಯುತ್ತದೆ. ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಕೊಡುತ್ತಾರೆ.

ದಿನದ ಖರ್ಚಿಗೆ ಬೇರೆ ಖಾತೆ. ಪ್ರತಿ ಸೋಮವಾರ ಅದಕ್ಕೆ 4,500 ಬೀಳುತ್ತದೆ, ಫೋನಿನ ಯುಪಿಐ ಅದಕ್ಕೆ ಮಾತ್ರ ಜೋಡಣೆ. ಪಿನ್ ಇಲ್ಲದೆ ದುಡ್ಡು ಹೋಗುವ ಯುಪಿಐ ಲೈಟ್ ತೆಗೆಸಿದೆ. ಪಿನ್ ಒತ್ತುವ ಎರಡು ಸೆಕೆಂಡಿನಲ್ಲಿ ಏನು ಆಗುತ್ತದೆ ಅಂತ ಅವನು ಕೇಳಿದ. ಆ ಎರಡು ಸೆಕೆಂಡಾದರೂ ನೀನು ಅಲ್ಲಿ ಇರುತ್ತೀಯಲ್ಲ ಮಾರಾಯ, ಅಂದೆ.

ತಿಂಗಳಿಗೆ ಎರಡು ಭಾನುವಾರ, ಇಪ್ಪತ್ತು ನಿಮಿಷ, ಇಬ್ಬರೂ ಒಟ್ಟಿಗೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಬೈಯುವ ಹಾಗಿಲ್ಲ, ಸುಮ್ನೆ ನೋಡಬೇಕು. ಮೊದಲ ಎರಡು ಸಲ ಅವನಿಗೆ ಬೆವರು ಬಂತಂತೆ, ಸುಳ್ಳಲ್ಲ. ಆ ದಿನಗಳಲ್ಲಿ ನಿದ್ದೆಯೂ ಸರಿ ಇರಲಿಲ್ಲ, ಹೊಟ್ಟೆ ಉರಿ ಅಂತ ಮಾತ್ರೆ ನುಂಗುತ್ತಿದ್ದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಾಡಿದನೋ ಇಲ್ಲವೋ ನಾನು ಕೇಳಿಲ್ಲ.

ಅಂದ ಹಾಗೆ, ಮೂರನೆಯದೋ ನಾಲ್ಕನೆಯದೋ ಭಾನುವಾರ ಅವಳು ಸಾಸಿವೆ ಡಬ್ಬಿ ತಂದು ಟೇಬಲ್ ಮೇಲೆ ಸುರಿದಳು. ಎಲ್ಲ ಹತ್ತು ಇಪ್ಪತ್ತರ ನೋಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಶಾಲೆಗೆ ಹೋಗಿ ಬರುವ 30 ರೂಪಾಯಿಯನ್ನು ಅಂದಿನಿಂದ ದಿನಾ ಡಬ್ಬಿಗೆ ಹಾಕುತ್ತಿದ್ದಳು. ರಜೆ ಎಲ್ಲ ಕಳೆದು 12,000 ಚಿಲ್ಲರೆ. ಸಾಸಿವೆ ಅಂಟಿಕೊಂಡಿತ್ತು ನೋಟುಗಳಿಗೆ. ಅವನು ಎಣಿಸಲು ಕೈ ಹಾಕಿದ. ನಾನು ಬೇಡ ಅಂದೆ. ವಾಪಸ್ ತುಂಬಿಸಿ ಕಳಿಸಿದೆ. ಇಡೀ ಮನೆಯಲ್ಲಿ ಭಯವಿಲ್ಲದ ದುಡ್ಡು ಅದೊಂದೇ ಇತ್ತು, ಅದನ್ನೂ ನೋಟ್‌ಬುಕ್ಕಿಗೆ ಎಳೆದು ತರುವುದು ಯಾಕೆ?

ಜುಲೈನಲ್ಲಿ ಯಾರೂ ಯೋಚಿಸದ ಒಂದು ಪರೀಕ್ಷೆ ನಡೆಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಿತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಲ್ಲ, ಅದಕ್ಕೆ. ನೋಡನೋಡುತ್ತಿದ್ದ ಹಾಗೆ ನಮ್ಮ ರಸ್ತೆಯ ಬೇಕರಿ, ತರಕಾರಿಯವನು, ಟೀ ಅಂಗಡಿ, ಎಲ್ಲರೂ ಕ್ಯೂಆರ್ ಕೋಡ್ ತೆಗೆದು ‘ಕ್ಯಾಷ್ ಮಾತ್ರ’ ಅಂತ ಬರೆದು ಅಂಟಿಸಿದರು. ಅವರ ಕಷ್ಟ ಬೇರೆ ಕಥೆ. ಇವನಿಗೆ ಮಾತ್ರ ಎಟಿಎಂನಿಂದ ನೋಟು ತಂದು ಜೇಬಿನಲ್ಲಿ ಇಟ್ಟುಕೊಳ್ಳಬೇಕಾಯಿತು. 500ರ ನೋಟು ಮುರಿಸಲು ಮನಸ್ಸು ಬರುತ್ತಿರಲಿಲ್ಲವಂತೆ. ಆ ಎರಡು ವಾರ 4,500ರಲ್ಲಿ ಸಾವಿರಕ್ಕಿಂತ ಜಾಸ್ತಿ ಉಳಿಯಿತು. ಕ್ಯೂಆರ್ ವಾಪಸ್ ಬಂದ ಮೇಲೂ ಸಂಜೆಯ ತಿಂಡಿಗೆ ಮಾತ್ರ ನೋಟು ಅಂತ ಇಟ್ಟುಕೊಂಡಿದ್ದಾನೆ.

ಆಗಸ್ಟಿನಲ್ಲಿ ಜಾರಿದ. ಗಣೇಶ ಕೂರಿಸುವ ಹುಡುಗರು ಬಂದು "ಅಣ್ಣಾ, ಊಟದ ಖರ್ಚು ನಿಮ್ಮದು" ಅಂದರು, ಬೀದಿಯ ಎದುರು. 15,000, ಉಳಿದಿದ್ದ ಕಾರ್ಡಿನಲ್ಲಿ. ಎರಡು ಲೆಕ್ಕದ ಭಾನುವಾರ ಏನೋ ನೆಪ ಹೇಳಿ ತಪ್ಪಿಸಿದ. ಅವನು ಲೆಕ್ಕ ತಪ್ಪಿಸುತ್ತಿದ್ದಾನೆ ಅಂದಾಗಲೇ ಅವಳಿಗೆ ಗೊತ್ತಾಗಿತ್ತು, ಎಷ್ಟು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮೂರನೇ ವಾರ ಅವನೇ ಹಾಳೆ ಪ್ರಿಂಟ್ ಹಾಕಿಸಿ ತಂದು, ಆ ಸಾಲಿನ ಮೇಲೆ ಅಡ್ಡಗೆರೆ ಹಾಕಿ, ಟೇಬಲ್ ಮೇಲಿಟ್ಟು, ಬಾಲ್ಕನಿಗೆ ಹೋಗಿ ನಿಂತ. ಅವಳು ಬೈದಳು, ನಿಯಮ ಮುರಿದಳು, ಬೈಯಲಿ ಬಿಡಿ. ಎರಡು ತಿಂಗಳಲ್ಲಿ ಆ 15,000 ತೀರಿಸಿದರು. ಮುಂದಿನ ವರ್ಷ ಹುಡುಗರು ಕೇಳಿದರೆ ಏನು ಹೇಳಬೇಕು ಅಂತ ಇಬ್ಬರೂ ಕೂತು ಒಂದು ವಾಕ್ಯ ಗಟ್ಟಿ ಮಾಡಿದ್ದಾರೆ. "ನಮ್ಮ ಪಾಲು 2,000, ನೋಡ್ರಪ್ಪ, ಬರ್ಕೊಳಿ." ಅದನ್ನು ಜೋರಾಗಿ ಹೇಳಿ ಪ್ರಾಕ್ಟೀಸ್ ಮಾಡುವುದು ಕೆಳಗೆ ನನಗೇ ಕೇಳಿಸುತ್ತಿತ್ತು.

ಡಿಸೆಂಬರ್ ಕೊನೆಗೆ ಲೆಕ್ಕ ಹೀಗಿದೆ. ಕಂತು ಮಾಡಿಸಿದ ಸಾಲದಲ್ಲಿ ಉಳಿದದ್ದು ಸುಮಾರು 69,600. ಪರ್ಸನಲ್ ಲೋನು 2026ರ ಮಧ್ಯದಲ್ಲಿ ಮುಗಿಯುತ್ತದೆ. ಆಪತ್ತಿಗೆ ಅಂತ ಇಟ್ಟದ್ದು 48,000. ಅವಳ ಖಾತೆಗೆ 3,000 ಒಂದು ತಿಂಗಳೂ ತಪ್ಪಿಲ್ಲ. ಕ್ರೆಡಿಟ್ ಸ್ಕೋರ್ 648 ಇದ್ದದ್ದು 701 ಆಗಿದೆ (ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ, ಅದಕ್ಕೆ ಯಾವ ಆ್ಯಪಿಗೂ ದುಡ್ಡು ಕೊಡಬೇಡಿ). ಸ್ಕೋರಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಈಗ ಬ್ಯಾಂಕಿನ ಮೆಸೇಜು ಬಂದರೆ ಅವನು ಮೆಟ್ಟಿಲು ಇಳಿಯುತ್ತಲೇ ತೆಗೆದು ಓದುತ್ತಾನೆ.

ಕಳೆದ ತಿಂಗಳು ಅವರಪ್ಪ ಬಂದಿದ್ದರು, ಒಂದು ಚೀಲ ಕೊಬ್ಬರಿ ಹೊತ್ತುಕೊಂಡು. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿತ್ತಲ್ಲ, ಮುಖದಲ್ಲಿ ಅದರ ಕಳೆ ಇತ್ತು. ಮಗ ಅವರನ್ನು ನಮ್ಮ ಜಗಲಿಯಲ್ಲೇ ಕೂರಿಸಿ ನೋಟ್‌ಬುಕ್ ಕೈಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು, ಬೆರಳಿನಿಂದ ಸಾಲು ಸಾಲಾಗಿ ಓದಿದರು. ಶಾಲೆ ಫೀಸು, ಕಂತು, ಹಾಲು, ಎಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನಿಗೆ, ನನಗೆ ಕೇಳಿಸಬಾರದು ಅಂತಲೋ ಏನೋ ತಗ್ಗಿದ ದನಿಯಲ್ಲಿ, "ಮಂಡಿಯವನ್ದು ಇನ್ನೂ ನಲವತ್ತು ಸಾವಿರ ಐತೆ ಕಣಪ್ಪ. ನಿಂಗೆ ಹೇಳಿರ್ಲಿಲ್ಲ" ಅಂದರು. ಅವನು ಪೆನ್ಸಿಲ್ ತೆಗೆದು ಹೊಸ ಹಾಳೆಯಲ್ಲಿ ಬರೆದುಕೊಂಡ.

ಹಾಳೆ ತಿರುಗಿಸುತ್ತಾ ಅವರ ಬೆರಳು ಒಂದು ಕಡೆ ನಿಂತಿತು. "ಬಾಡಿಗೆ ಇಪ್ಪತ್ಮೂರು ಸಾವ್ರನಾ?" ಅಂದರು, ಈ ಸಲ ನನ್ನ ಕಡೆ ತಿರುಗಿ. "ವಸಿ ಜಾಸ್ತಿ ಆಗ್ಲಿಲ್ವಾ ತಾಯಿ?"

ಜನವರಿಯಿಂದ ಒಂದು ಸಾವಿರ ಏರಿಸೋಣ ಅಂತ ಅಂದುಕೊಂಡಿದ್ದೆ. ಕಾಫಿ ತರ್ತೀನಿ ಅಂತ ಒಳಗೆ ಹೋದೆ.